ನಮ್ಮ ಯಜಮಾನರ ಕೈಗುಣ

ನಮ್ಮ ಯಜಮಾನರು ಮೋಸಗಾರರು ಎಂದು ನನಗೆ ಮೊದಲು ಹೇಳಿದವಳು ಬೆಸ್ತರ ಕನ್ನಿಯಮ್ಮ. ಅದೂ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ನಾನೇ ಕೊಟ್ಟ ಮಜ್ಜಿಗೆ ಕುಡಿಯುತ್ತ.

"ತಪ್ಪು ತಿಳ್ಕೋಬೇಡ ಅಕ್ಕಾ. ಗುಂಡಣ್ಣ ಸಾರ್ ಕೈಗೆ ದೇಸಪ್ಪನ್ ಮನೆ ದಾರಿ ಚೆನ್ನಾಗಿ ಗೊತ್ತು ಅಂತ ಕುಪ್ಪದಲ್ಲೆಲ್ಲ ಮಾತಾಡ್ತಾರೆ" ಎಂದಳು.

ಅವಳು ಆಡುವುದು ತಮಿಳು. ನಾನು ಉತ್ತರ ಕೊಡುವುದು ಅರ್ಧ ತಮಿಳು, ಅರ್ಧ ಮೈಸೂರು ಕಡೆಯ ಕನ್ನಡ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ, ಜಗಳಕ್ಕೂ ಅಡ್ಡಿಯಾಗಿಲ್ಲ. ಆವತ್ತೂ ಆಗಲಿಲ್ಲ. "ನಮ್ಮ ಮನೆ ಮಜ್ಜಿಗೆ ಕುಡಿದು ನಮ್ಮ ಮನೆಯವರನ್ನೇ ಅಂತೀಯಾ?" ಎಂದು ಲೋಟ ಕಸಿದುಕೊಂಡು ಒಳಗೆ ಬಂದೆ. ಲೋಟದಲ್ಲಿ ಇನ್ನೂ ಅರ್ಧ ಮಜ್ಜಿಗೆ ಇತ್ತು.

ಯಾವ ಕೈ, ಯಾವ ದಾರಿ ಎಂದು ತಿಳಿಯಬೇಕಾದರೆ ನಮ್ಮ ಎಣ್ಣೂರಿನ ಅಳಿವೆಯ ಕಥೆ ಹೇಳಬೇಕು. ಕೊಸಸ್ತಲೈ ಹೊಳೆ ಸಮುದ್ರ ಸೇರುವುದಕ್ಕೆ ಮುಂಚೆ ನಮ್ಮ ಮನೆಯ ಹಿಂದೆ ಅಗಲವಾಗಿ ಹರಡಿಕೊಳ್ಳುತ್ತದೆ. ಅದರ ದಡದಲ್ಲಿ ಬೆಸ್ತರ ಕೇರಿ, ಇಲ್ಲಿಯವರ ಬಾಯಲ್ಲಿ ಕುಪ್ಪ. ಮಳೆ ಬಂದು ಹೊಸನೀರು ಇಳಿದಾಗ ಸಿಗಡಿಯೆಲ್ಲ ನೀರಿನ ಜೊತೆ ಸಮುದ್ರದ ಕಡೆ ಹೊರಡುತ್ತದಂತೆ. ಅದಕ್ಕೆ ಅಡ್ಡಲಾಗಿ ಗೂಟ ನೆಟ್ಟು ಬಲೆ ಕಟ್ಟುತ್ತಾರೆ. ಅಳಿವೆಯ ಬಾಯಲ್ಲಿ ಜಾಗ ಸಿಕ್ಕಿದ ಮನೆಗೆ ಇಡೀ ವರ್ಷದ ಅನ್ನ. ಮೇಲುಗಡೆ, ಕರೆಂಟು ಕಾರ್ಖಾನೆಯ ಬೂದಿ ಕೂತು ಹೂತುಹೋಗಿರುವ ಕಡೆ ಸಿಕ್ಕಿದವರಿಗೆ ಬರೀ ಕೆಸರು.

ಯಾವ ಮನೆಗೆ ಯಾವ ಜಾಗ ಎನ್ನುವುದಕ್ಕೆ ಅವರು ಪಾಡು ಎನ್ನುತ್ತಾರೆ. ಪ್ರತಿ ವರ್ಷ ಪುರಟ್ಟಾಸಿ ತಿಂಗಳು ಕಳೆದ ಮೇಲೆ ಅದನ್ನು ಚೀಟಿ ಎತ್ತುವ ಹಾಗೆ ಎತ್ತಿ ತೀರ್ಮಾನಿಸುತ್ತಾರೆ. ಒಂದೊಂದು ಮನೆಯವರು ತಮ್ಮ ತಮ್ಮ ಗುರುತನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು ಹಿತ್ತಾಳೆ ಕೊಳಗಕ್ಕೆ ಹಾಕುತ್ತಾರೆ. ಕಪ್ಪೆಚಿಪ್ಪು, ಮೀನಿನ ಬೆನ್ನುಮೂಳೆ, ಬಲೆಗೆ ಕಟ್ಟುವ ಸೀಸದ ಗುಂಡು, ಡಾಂಬರು ಮೆತ್ತಿದ ಹಗ್ಗದ ಗಂಟು, ಹೀಗೆ. ಕನ್ನಿಯಮ್ಮನ ಮನೆಯದು ಏಡಿಯ ಕಚ್ಚುವ ಕಾಲು. ಕೊಳಗದ ಬಾಯಿಗೆ ಅರಿಶಿನದ ಬಟ್ಟೆ ಬಿಗಿದಿರುತ್ತದೆ, ಅದರ ಸೀಳಿನಲ್ಲಿ ಕೈ ಹಾಕಿ ಒಂದೊಂದೇ ಗುರುತು ತೆಗೆಯಬೇಕು. ಮೊದಲು ಬಂದ ಗುರುತಿನ ಮನೆಗೆ ಬಾಯಿಯ ಜಾಗ, ಕೊನೆಗೆ ಬಂದ ಮನೆಗೆ ಬೂದಿ.

ಕೈ ಹಾಕುವವನು ಕುಪ್ಪದವನಾಗಿರಬಾರದು, ಅಲ್ಲಿ ಹೆಣ್ಣು ಕೊಟ್ಟು ತಂದ ನಂಟೂ ಇರಬಾರದು. ರೈಲ್ವೆ ಗೂಡ್ಸ್ ಆಫೀಸಿನಿಂದ ರಿಟೈರಾಗಿ ಇಲ್ಲೇ ಮನೆ ಕಟ್ಟಿಕೊಂಡು ಕೂತ ನಮ್ಮ ಯಜಮಾನರಿಗಿಂತ ಯೋಗ್ಯರು ಅವರಿಗೆ ಎಲ್ಲಿ ಸಿಗಬೇಕು? ನಾವು ಮೀನು ಮುಟ್ಟದ ಜನ. ಸಿಗಡಿ ಯಾರ ಬಲೆಗೆ ಬಿದ್ದರೂ ಇವರಿಗೇನು? ಹಾಗೆಂದು ಕುಪ್ಪದ ಯಜಮಾನ, ಎಲ್ಲರೂ ನಾಟ್ಟಾರ್ ಎಂದು ಕರೆಯುವ ಮುದುಕ, ತಾನೇ ಮನೆಗೆ ಬಂದು ಕರೆದ. ಆಗಿನಿಂದ ಇವರಿಗೆ ಪಾಡಿನ ದಿನ ಎಂದರೆ ಹಬ್ಬ. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಮಗಳ ಮದುವೆಯಲ್ಲಿ ಉಟ್ಟ ಪಂಚೆ ಉಟ್ಟು ಹೊರಡುತ್ತಿದ್ದರು. ಆಫೀಸಿನಲ್ಲಿ ಜೀವ ತೇದರೂ ಇವರ ಕೊರಳಿಗೆ ಯಾರೂ ಹಾರ ಹಾಕಿರಲಿಲ್ಲ. ಇಲ್ಲಿ ಹಾಕಿದರು. ಮಗಳು ಶ್ರೀಯಾ ಪೋರೂರಿನಲ್ಲಿ ತನ್ನ ಮನೆಯ ಕೆಳಗಿನ ಫ್ಲ್ಯಾಟ್ ಖಾಲಿಯಿದೆ, ಬಂದುಬಿಡಿ ಎಂದು ಗೋಗರೆದರೂ "ಇಲ್ಲಿ ನನ್ನನ್ನ ನಂಬಿದ ಜನ ಇದ್ದಾರಮ್ಮಾ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ನಂಬಿದ ಜನವೇ ಈಗ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮೂರು ವರ್ಷ ಸಾಲಾಗಿ ಮೊದಲು ಬಂದದ್ದು ಕುಪ್ಪದವನೇ ಆದ ದೇಸಪ್ಪನ ಗುರುತು. ಮೂರು ವರ್ಷವೂ ಕನ್ನಿಯಮ್ಮನ ಏಡಿಕಾಲು ತಳದಲ್ಲೇ ಉಳಿದು ಕೊನೆಗೆ ಬಂತು. ಗಂಡ ಸತ್ತವಳು, ಮಗ ಒಬ್ಬನೇ ದೋಣಿ ನಡೆಸುತ್ತಾನೆ. ಈ ಸಲವೂ ಬೂದಿಯೇ ಆದರೆ ದೋಣಿ ಮಾರಿ, ಮಗ ಸೊಸೆಯ ಜೊತೆ ಕಾಸಿಮೇಡಿನ ಬಂದರಿಗೆ ಹೋಗಿ ಯಾರದೋ ಬೋಟಿನಲ್ಲಿ ಕೂಲಿಗೆ ನಿಲ್ಲುವುದು ಎಂದು ತೀರ್ಮಾನವಾಗಿತ್ತು. ಅವಳ ಹೊಟ್ಟೆಯ ಉರಿ ನನಗೆ ಅರ್ಥವಾಗದ್ದೇನಲ್ಲ. ಆದರೂ ನನ್ನ ಗಂಡನನ್ನು ಕಳ್ಳ ಎಂದರೆ ನಾನು ಕೇಳಿಕೊಂಡು ಕೂರಬೇಕೆ?

ಆವತ್ತು ಸಂಜೆಯೇ ದೇಸಪ್ಪನ್ ನಮ್ಮ ಗೇಟಿನಲ್ಲಿ ಪ್ರತ್ಯಕ್ಷನಾದ. ಕೈಯಲ್ಲಿ ಒಂದು ಗೊನೆ ಎಳನೀರು. ಬಿಳೀ ಅಂಗಿ, ಹಣೆಯಲ್ಲಿ ವಿಭೂತಿ, ಮಾತಿನಲ್ಲಿ ಬೆಣ್ಣೆ.

"ಸುಮ್ನೆ ಅಮ್ಮಾ. ಸಾರ್‌ಗೆ ಉಷ್ಣದ ಮೈ ಅಂತ ಕೇಳಿದೆ" ಎಂದ.

ಸುಮ್ಮನೆ ಯಾರಾದರೂ ಗೊನೆಗಟ್ಟಲೆ ಎಳನೀರು ಕೊಡುತ್ತಾರೆಯೇ? ಇವರಿಗೆ ಉಷ್ಣವೆಂದು ಅವನಿಗೆ ಹೇಳಿದವರು ಯಾರು? ನನ್ನ ತಲೆಗೆ ಹುಳ ಬಿಟ್ಟ ಹಾಗಾಯಿತು. ಹಿಂದಿನ ವರ್ಷ ಗಾಳಿಗೆ ನಮ್ಮ ಮಹಡಿಯ ಶೀಟು ಹಾರಿದಾಗ ಕರೆಯದೆಯೇ ಬಂದು ಕಟ್ಟಿಕೊಟ್ಟವನೂ ಇವನೇ ಎಂದು ನೆನಪಾಯಿತು. ಆಗ ದೇವರಂಥ ಮನುಷ್ಯ ಎಂದು ಕಾಫಿ ಕೊಟ್ಟಿದ್ದೆ. ಈಗ ಆ ಕಾಫಿಯೂ ಕಹಿಯಾಯಿತು.

ಮಾರನೆಯ ದಿನದಿಂದ ನಾನು ಯಜಮಾನರ ಮೇಲೆ ಕಣ್ಣಿಟ್ಟೆ. ಅಂಗಿಯ ಜೇಬು ತಡಕಿದೆ. ಬಸ್ಸಿನ ಟಿಕೆಟು, ಹಲ್ಲುಕಡ್ಡಿ, ಸುಣ್ಣದ ಡಬ್ಬಿಯ ಮುಚ್ಚಳ, ಅಷ್ಟೇ. ಫೋನಿನಲ್ಲಿ ದೇಸಪ್ಪನ ಹೆಸರು ಹುಡುಕಿದೆ, ಸಿಗಲಿಲ್ಲ. ಇಲ್ಲದ್ದನ್ನು ನೋಡಿ ಸಮಾಧಾನವಾಗಬೇಕಿತ್ತು. ನನಗೆ ಅಳಿಸಿಹಾಕಿದ್ದಾರೆ ಎನ್ನಿಸಿತು. ಸಂಜೆ ದಡಕ್ಕೆ ತಿರುಗಾಡಲು ಹೊರಟಾಗ ಮಹಡಿ ಹತ್ತಿ ಯಾರ ಜೊತೆ ನಿಲ್ಲುತ್ತಾರೆ ಎಂದು ನೋಡಿದೆ. ಎಲ್ಲರ ಜೊತೆಯೂ ನಿಲ್ಲುತ್ತಿದ್ದರು, ದೇಸಪ್ಪನ ಜೊತೆಯೂ ನಿಲ್ಲುತ್ತಿದ್ದರು.

ಕೊನೆಗೆ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ. "ಏನ್ರೀ, ದೇಸಪ್ಪನಿಗೂ ನಿಮಗೂ ಏನು ವ್ಯವಹಾರ?"

ಇವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಕಲಸಿದ ಅನ್ನ ಬಿಟ್ಟು ಕೈ ತೊಳೆದರು. "ಊರಿನವರು ಅಂದ್ರೆ ಅನ್ಲಿ ಅನಸೂಯ. ನೀನೂ ಅಂದೆಯಲ್ಲ" ಎಂದರು. ಆಮೇಲೆ ನಾಲ್ಕೈದು ದಿನ ನಮ್ಮಿಬ್ಬರ ಮಾತು ಗೋಡೆಯ ಜೊತೆ. "ಕಾಫಿ ಇಟ್ಟಿದೆ" ಎಂದು ನಾನು ಗೋಡೆಗೆ ಹೇಳುವುದು, "ಸಕ್ಕರೆ ಕಮ್ಮಿ" ಎಂದು ಇವರು ಕಿಟಕಿಗೆ ಹೇಳುವುದು.

ಹೊರಗೂ ಸುಖವಿರಲಿಲ್ಲ. ನಾನು ನಲ್ಲಿಯ ಬೀದಿಯಲ್ಲಿ ನಡೆದರೆ ಹೆಂಗಸರ ಮಾತು ನಿಲ್ಲುತ್ತಿತ್ತು, ನಾನು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ತಿರುಗಿ ನೋಡಿದರೆ ಎಲ್ಲರೂ ಕೊಡದೊಳಗೆ ಇಣುಕುವವರೇ. ಅವಮಾನವಾಯಿತು. ಕನ್ನಿಯಮ್ಮನ ಮನೆಗೇ ಹೋಗಿ "ಏನು ಸಾಕ್ಷಿ ಇದೆ ನಿನ್ನ ಹತ್ರ? ತೋರಿಸು" ಎಂದೆ.

ಅವಳು ಮಗನ ಫೋನಿನಲ್ಲಿದ್ದ ಹಿಂದಿನ ವರ್ಷದ ಪಾಡಿನ ವಿಡಿಯೋ ತೋರಿಸಿದಳು. ಇವರು ಕಣ್ಣು ಮುಚ್ಚಿಕೊಂಡು ಕೊಳಗಕ್ಕೆ ಕೈ ಹಾಕುತ್ತಾರೆ, ಸ್ವಲ್ಪ ತಡಕುತ್ತಾರೆ, ದೇಸಪ್ಪನ ಗುರುತು ಬರುತ್ತದೆ. ಅದು ಒಂದು ಒಣ ಅಡಿಕೆ. "ಇದರಲ್ಲಿ ಏನಿದೆ ಮಣ್ಣು?" ಎಂದೆ. ಆದರೂ ನನ್ನ ಫೋನಿಗೆ ಕಳಿಸು ಎಂದು ಹೇಳಿ ಬಂದೆ.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಎಷ್ಟು ಸಲ ನೋಡಿದೆನೋ. ಕೊನೆಗೆ ಕಂಡಿತು. ಕೈ ಕೊಳಗದೊಳಗೆ ಹೋದ ಕೂಡಲೇ ಇವರ ಬಲಭುಜ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಬೇರೆ ಯಾರಿಗೂ ಕಾಣುವಂಥದ್ದಲ್ಲ. ಆದರೆ ಅವರೆಕಾಯಿ ಸುಲಿಯುವಾಗ ಹುಳ ಸಿಕ್ಕಿದರೆ, ಬಚ್ಚಲಲ್ಲಿ ಕೈಗೆ ಲೋಳೆ ತಾಕಿದರೆ, ಆ ಭುಜ ಹಾಗೇ ಸರಿಯುವುದನ್ನು ನಾನು ಮದುವೆಯಾದ ದಿನದಿಂದ ನೋಡಿದ್ದೇನೆ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ನನಗೆ ಖಾತ್ರಿಯಾಗಬೇಕಿತ್ತು. ದಡಕ್ಕೆ ಹೋಗಿ ಒಂದು ಒಣಗಿದ ಏಡಿಕಾಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಕೊಂಡು ಬಂದೆ. ದೇವರೇ, ಒಣಗಿದರೂ ಎಂಥ ನಾತ! ಯಜಮಾನರು ಟೀವಿಯಲ್ಲಿ ವಾರ್ತೆ ನೋಡುತ್ತ ಎಲೆಯಡಿಕೆ ಹಾಕಿಕೊಳ್ಳುವವರು. ಕಣ್ಣು ಟೀವಿಯಲ್ಲಿ, ಕೈ ಸಂಚಿಯಲ್ಲಿ. ನಾನು ಆ ಸಂಚಿಯೊಳಗೆ ಏಡಿಕಾಲು ಸೇರಿಸಿ, ಸೊಪ್ಪು ಬಿಡಿಸುವ ನೆಪದಲ್ಲಿ ಎದುರಿಗೆ ಕೂತೆ. ಕೈ ಒಳಗೆ ಹೋಯಿತು. ಭುಜ ಸರಿಯಿತು. ಕೈ ಪಕ್ಕಕ್ಕೆ ತಿರುಗಿ ಅಡಿಕೆ ಹಿಡಿದುಕೊಂಡು ಈಚೆಗೆ ಬಂತು. ಎರಡನೇ ಸಲವೂ ಹಾಗೇ ಆಯಿತು. ಇವರ ಕಣ್ಣು ಒಮ್ಮೆಯೂ ಟೀವಿ ಬಿಟ್ಟು ಕದಲಲಿಲ್ಲ. ಮೂಗಿಗೂ ಗೊತ್ತಾಗಲಿಲ್ಲ, ಎಲೆಯ ಘಾಟು ಅಷ್ಟು.

ನನಗೆ ಒಂದು ಕಡೆ ಕುಣಿಯುವಷ್ಟು ಸಂತೋಷ, ಇನ್ನೊಂದು ಕಡೆ ಭಯ. ನನ್ನ ಗಂಡ ಕಳ್ಳನಲ್ಲ. ಆದರೆ ಆ ಕೈ ಕಳ್ಳಕೈಯೇ. ಚಿಪ್ಪು, ಮೂಳೆ, ಏಡಿಕಾಲು ಯಾವುದನ್ನೂ ಮುಟ್ಟಲಾರದೆ ಒಣ ಅಡಿಕೆ ಹುಡುಕಿಕೊಂಡು ಹೋಗುವ ಕೈ. ಮೀನು ಮುಟ್ಟದ ಮನುಷ್ಯ ನ್ಯಾಯವಾಗಿ ತೆಗೆಯುತ್ತಾನೆಂದು ಅವರು ಕರೆದಿದ್ದರು. ಮುಟ್ಟದ್ದೇ ಎಡವಟ್ಟಾಗಿತ್ತು.

ಕನ್ನಿಯಮ್ಮನನ್ನು ಕೇಳಿದೆ: ದೇಸಪ್ಪನ ಗುರುತು ಯಾವಾಗಿನಿಂದ ಅಡಿಕೆ? ಅವರಪ್ಪನ ಕಾಲದಿಂದ ಸೀಸದ ಗುಂಡಿತ್ತು, ಕಳೆದುಹೋಯಿತೆಂದು ಮೂರು ವರ್ಷದ ಕೆಳಗೆ ಬದಲಾಯಿಸಿದ ಎಂದಳು. ನನಗೆ ನೆನಪಾಯಿತು, ಅದೇ ವರ್ಷ ನಾಟ್ಟಾರ್ ಮನೆಯ ಮದುವೆಯಲ್ಲಿ ಅವನು ಇಡೀ ಬೆಳಿಗ್ಗೆ ಇವರ ಪಕ್ಕದಲ್ಲಿ ಕೂತಿದ್ದ, ಇವರು ಮಾತಾಡುತ್ತ ಸಂಚಿಗೆ ಕೈ ಹಾಕುತ್ತಲೇ ಇದ್ದರು. ನೀರಿನ ಬಣ್ಣ ನೋಡಿ ಕೆಳಗೆ ಯಾವ ಮೀನಿದೆ ಎಂದು ಹೇಳುವ ಮನುಷ್ಯನಿಗೆ ನಮ್ಮವರ ಕೈ ನೋಡುವುದು ಎಷ್ಟರ ಕೆಲಸ? ಎಳನೀರು ಯಾಕೆ ಬಂತೆಂದೂ ಈಗ ತಿಳಿಯಿತು. ತನ್ನ ಅಡಿಕೆಗೆ ಆ ಕೈ ಇನ್ನೊಂದು ವರ್ಷ ಬೇಕಾಗಿತ್ತು.

ನಾಟ್ಟಾರ್‌ಗೆ ಹೇಳಬಹುದಿತ್ತು. ಹೇಳಿದರೆ ಇವರನ್ನು ಎಲ್ಲರೆದುರು ನಿಲ್ಲಿಸಿ ವಿಚಾರಿಸುತ್ತಾರೆ, ಹಾರ ಹಾಕಿದ ಕೊರಳು ತಗ್ಗುತ್ತದೆ. ಇವರಿಗೇ ಹೇಳಲೇ? ಮೂರು ವರ್ಷ ಒಂದು ಮನೆಯ ಅನ್ನಕ್ಕೆ ತನ್ನ ಕೈಯೇ ಬೂದಿ ಹಾಕಿತೆಂದು ಗೊತ್ತಾದರೆ ಇವರು ತಡೆದುಕೊಳ್ಳುವವರಲ್ಲ. ಸುಮ್ಮನಿದ್ದರೆ ಕನ್ನಿಯಮ್ಮನ ದೋಣಿ ಹೋಗುತ್ತದೆ. ನಾನು ಜಾಣತನ ಮಾಡಿದೆ. ಪಾಡಿಗೆ ಎರಡು ದಿನ ಮುಂಚೆ ಅವಳನ್ನು ಕರೆದು, ಸಂಚಿಯ ವಿಷಯವೆಲ್ಲ ಹೇಳಿ, "ಈ ಸಲ ಏಡಿಕಾಲು ಬೇಡ. ನೀನೂ ಒಂದು ಒಣ ಅಡಿಕೆ ಹಾಕು. ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಕೊಡವಿಕೊಂಡು ಎದ್ದು ಹೋದಳು.

ಪಾಡಿನ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಅಳಿವೆಯ ನೀರು ಸೀಸದ ಬಣ್ಣಕ್ಕೆ ತಿರುಗಿ ನಿಂತಿತ್ತು. ಗುಡಿಯ ಮುಂದೆ ಗಂಡಸರೆಲ್ಲ ಸುತ್ತ ಕೂತಿದ್ದರು, ಹೆಂಗಸರು ಹೂವರಸಿ ಮರದ ಕೆಳಗೆ. ಆ ವರ್ಷ ಫೋನು ಎತ್ತಿ ಹಿಡಿದವರೇ ಹೆಚ್ಚು. ಮದುವೆಯಲ್ಲಿ ವಿಡಿಯೋ ತೆಗೆಯುವ ಹಾಗಲ್ಲ, ಕಳ್ಳನನ್ನು ಹಿಡಿಯುವವರ ಹಾಗೆ. ನಮ್ಮವರು ಅದನ್ನು ನೋಡಿಯೂ ನೋಡದವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಒಬ್ಬೊಬ್ಬರೇ ಎದ್ದು ಗುರುತು ಹಾಕಿದರು. ಪ್ರತಿ ವರ್ಷ ಸೀಸದ ಗುಂಡಿನ ಸದ್ದೇ ಬೇರೆ, ಚಿಪ್ಪಿನ ಸದ್ದೇ ಬೇರೆ. ಈ ಸಲ ಮೊದಲನೆಯವನು ಹಾಕಿದಾಗ ಟಣ್ ಎಂದಿತು. ಎರಡನೆಯವನದೂ ಟಣ್. ಮೂರನೆಯವನದೂ ಅದೇ. ದೇಸಪ್ಪನ್ ತನ್ನದನ್ನು ಹಾಕಿ ಕೂರುವುದರೊಳಗೆ ಅವನ ಮುಖದ ಬೆಣ್ಣೆ ಕರಗಿತ್ತು. ಎಲ್ಲರೂ ಅಡಿಕೆ ಹಾಕಿದ್ದರು! ನಾನು ತಿರುಗಿ ಕನ್ನಿಯಮ್ಮನನ್ನು ಹುಡುಕಿದೆ. ಮರಕ್ಕೆ ಒರಗಿಕೊಂಡು ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಇಡೀ ಕುಪ್ಪಕ್ಕೆ ಹೇಳಿಬಿಟ್ಟಿದ್ದಳು, ಮಹಾತಾಯಿ. ಕೊನೆಯಲ್ಲಿ ಅವಳ ಮಗ ಎದ್ದು ತನ್ನ ಮುಷ್ಟಿ ಬಿಚ್ಚಿದ. ಆ ಸದ್ದು ಮಾತ್ರ ಟಣ್ ಎನ್ನಲಿಲ್ಲ, ಕರ್ ಎಂದು ಗೀರಿಕೊಂಡು ಇಳಿಯಿತು.

ನಾಟ್ಟಾರ್ ಕರ್ಪೂರ ಹಚ್ಚಿದ. ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡು ಕೈ ಹಾಕಿದರು.

ಹಾಕಿದ ಕೈ ನಿಂತುಹೋಯಿತು. ಎಲ್ಲ ಕಡೆಯೂ ಅಡಿಕೆ. ನಿಧಾನವಾಗಿ ಕಣ್ಣು ತೆರೆದರು. ಸುತ್ತಲಿನ ಫೋನುಗಳನ್ನು ನೋಡಿದರು, ತಲೆ ತಗ್ಗಿಸಿದ್ದ ದೇಸಪ್ಪನನ್ನು ನೋಡಿದರು, ಆಮೇಲೆ ಜನರ ನಡುವೆ ನನ್ನನ್ನು ಹುಡುಕಿದರು. ನನಗೆ ಮುಖ ಎತ್ತುವುದಕ್ಕಾಗಲಿಲ್ಲ. ಇವರಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಇಷ್ಟು ಜನರ ನಡುವೆ ಒಬ್ಬರೇ ಬೆತ್ತಲೆ ನಿಂತ ಹಾಗೆ ಕಾಣುತ್ತಿದ್ದರು. ಓಡಿಹೋಗಿ ಕೈ ಹಿಡಿದು ಎಳೆದುಕೊಂಡು ಬಂದುಬಿಡೋಣ ಎನ್ನಿಸಿತು.

ಮತ್ತೆ ಕಣ್ಣು ಮುಚ್ಚಿದರು. ಕೈ ಕೊಳಗದ ತಳದವರೆಗೂ ಇಳಿಯಿತು, ಒಂದು ಸುತ್ತು ಬಂತು. ಬಲಭುಜ ಹಿಂದಕ್ಕೆ ಸರಿಯಿತು. ಆದರೆ ಕೈ ಸರಿಯಲಿಲ್ಲ. ಹಲ್ಲು ಕಚ್ಚಿಕೊಂಡಿದ್ದರು, ಕತ್ತಿನ ನರ ಉಬ್ಬಿತ್ತು. ಕೈ ಈಚೆಗೆ ಬಂದಾಗ ಬೆರಳುಗಳ ನಡುವೆ ಏಡಿಕಾಲು ಇತ್ತು.

ಎದ್ದ ಕೂಗಿಗೆ ದಡದ ಕೊಕ್ಕರೆಗಳೆಲ್ಲ ಹಾರಿದವು. ಕೈಗೆ ಅಡಿಕೆ ಚಟ ಎಂದವರಿಗೆಲ್ಲ ಬಾಯಿ ಕಟ್ಟಿತು. ಕೊಳಗದ ತುಂಬ ಅಡಿಕೆಯಿದ್ದರೂ ಸಾರ್ ಕೈಗೆ ಬಂದದ್ದು ಏಡಿಕಾಲು! ಕನ್ನಿಯಮ್ಮನ ಮಗ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತ. ಉಳಿದ ಅಡಿಕೆಗಳು ಒಂದೊಂದಾಗಿ ಬಂದವು, ಮೇಲೆ ಕೊರೆದ ಗುರುತು ನೋಡಿ ನಾಟ್ಟಾರ್ ಹೆಸರು ಕೂಗಿದ. ದೇಸಪ್ಪನದು ನಡುವೆ ಎಲ್ಲೋ ಬಂತು. ಹಾರ ಹಾಕುವಾಗ ಆ ಮುದುಕ ಇವರ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಮನೆಗೆ ಬಂದವರು ಹಿತ್ತಲಿನ ನಲ್ಲಿಯಲ್ಲಿ ತುಂಬ ಹೊತ್ತು ಕೈ ತೊಳೆದರು. ನಾನು ಟವೆಲ್ ಹಿಡಿದುಕೊಂಡು ನಿಂತಿದ್ದೆ.

"ನಿಂಗೆ ಗೊತ್ತಿತ್ತು" ಎಂದರು.

"ಹೂಂ."

"ಮೂರು ವರ್ಷ ಏನೂ ಗೊತ್ತಿಲ್ದೆ ತೆಗೆದೆ, ಕಳ್ಳ ಅಂದ್ರು. ಇವತ್ತು ಯಾರದು ಅಂತ ಗೊತ್ತಿದ್ದೂ ಬೇಕು ಅಂತಲೇ ತೆಗೆದೆ ಕಣೆ, ಕೈ ಕಣ್ಣಿಗೊತ್ತಿಕೊಂಡ್ರು. ಎಲ್ಲ ಅಡಿಕೆ ಬಿಟ್ಟು ಅದೊಂದನ್ನೇ ಹುಡುಕಿದೆ." ಟವೆಲ್ ತೆಗೆದುಕೊಳ್ಳದೆ ಒದ್ದೆ ಕೈಯನ್ನೇ ನೋಡುತ್ತಿದ್ದರು. "ಶ್ರೀಯಾಗೆ ಫೋನ್ ಮಾಡು. ಪೋರೂರಿಗೆ ಬರ್ತೀವಿ ಅನ್ನು."

ಮಾರನೆಯ ಬೆಳಿಗ್ಗೆ ಕನ್ನಿಯಮ್ಮ ಬಂದಳು. ಹಣ್ಣು ಹೂವು ತರುತ್ತಾಳೆ ಎಂದುಕೊಂಡಿದ್ದೆ, ಬರಿಗೈಯಲ್ಲಿ ಬಂದಿದ್ದಳು. ಮೆಟ್ಟಿಲ ಮೇಲೆ ಕೂರಲೂ ಇಲ್ಲ.

"ಇಡೀ ರಾತ್ರಿ ನಿದ್ದೆಯಿಲ್ಲ ಅಕ್ಕಾ. ಎಲ್ಲರೂ ಅಡಿಕೆ ಹಾಕಿದರೆ ನ್ಯಾಯ ಆಗುತ್ತೆ ಅಂತ ಎಲ್ಲರಿಗೂ ಹೇಳಿದೆ. ಹಾಕೋ ಹೊತ್ತಿಗೆ ಮಾತ್ರ ಮನಸ್ಸು ಬರಲಿಲ್ಲ. ಆ ಕಾಲು ನನ್ನ ಗಂಡ ಹಿಡಿದ ಏಡಿದು. ಅದನ್ನೇ ಹಾಕು ಅಂತ ಮಗನಿಗೆ ಕೊಟ್ಟೆ. ಸಾರ್ ಕೈ ಅದನ್ನ ಮುಟ್ಟಲ್ಲ, ಹೋದರೆ ಹೋಗಲಿ ಅಂದ್ಕೊಂಡೆ." ಅವಳು ಧ್ವನಿ ತಗ್ಗಿಸಿದಳು. "ಆದರೆ ಅಷ್ಟು ಅಡಿಕೆ ನಡುವೆ ಅದೊಂದೇ ಬೇರೆ. ಸಾರ್‌ಗೆ ಗೊತ್ತಾಗಿರಲ್ವಾ? ಬೇಕು ಅಂತ ತೆಗೆದರಾ? ಹಾಗಿದ್ದರೆ ಈಗಲೇ ಹೇಳು. ನಾಟ್ಟಾರ್ ಹತ್ತಿರ ಹೋಗಿ ಜಾಗ ವಾಪಸ್ ಕೊಡ್ತೀನಿ. ದೋಣಿ ಹೋದರೆ ಹೋಗಲಿ. ದೇಸಪ್ಪನ್ ತಿಂದಂಥ ಮೋಸದ ಅನ್ನ ನಾನು ತಿನ್ನಲ್ಲ."

"ಹುಚ್ಚಿ, ಹಾಗೇನಿಲ್ಲ ಹೋಗೇ" ಎಂದೆ.

"ಹಾಗಲ್ಲ. ಸಾರ್ ಮೇಲೆ ಆಣೆ ಇಟ್ಟು ಹೇಳು."

ಒಳಗೆ ಯಜಮಾನರು ಪೇಪರು ತಿರುವುತ್ತಿದ್ದ ಸದ್ದು ನಿಂತಿತು. ಹೊರಗೆ ಮಳೆ ಹನಿಯುವುದಕ್ಕೆ ಶುರುವಾಗಿತ್ತು. ಹೊಸನೀರು ಬರುವ ಹೊತ್ತು. ಬಾಯಿಯ ಜಾಗದಲ್ಲಿ ಅವಳ ಮಗ ಆಗಲೇ ಗೂಟ ಇಳಿಸಿರಬೇಕು. ಗಂಡನ ಜೇಬು ತಡಕಿದವಳು, ಫೋನು ಕೆದಕಿದವಳು, ಸಂಚಿಯಲ್ಲಿ ಏಡಿಕಾಲು ಇಟ್ಟವಳು ನಾನು, ನಿಜ ತಿಳಿಯಲಿ ಎಂದೇ ತಾನೇ ಅಷ್ಟೆಲ್ಲ ಮಾಡಿದ್ದು? ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೆ. "ಇವರಾಣೆಗೂ ಬೇಕು ಅಂತ ತೆಗೆದದ್ದಲ್ಲ. ಅದಾಗೇ ಕೈಗೆ ಬಂತು" ಎಂದೆ.

ಕನ್ನಿಯಮ್ಮ ಬಿಕ್ಕಿ ಬಿಕ್ಕಿ ಅತ್ತಳು. "ನಿನ್ನ ಮೇಲೂ ಅನುಮಾನ ಪಟ್ಟೆನಲ್ಲ ಅಕ್ಕಾ, ಇನ್ನು ಈ ಜನ್ಮದಲ್ಲಿ ಪಡಲ್ಲ" ಎಂದು ನನ್ನ ಕೆನ್ನೆ ಸವರಿ, ಮಳೆಯಲ್ಲೇ ದಡದ ಕಡೆ ಓಡಿದಳು.

ಒಳಗೆ ಬಂದೆ. ಯಜಮಾನರು ಪೇಪರು ಮಡಿಚಿಟ್ಟು, ನನ್ನನ್ನು ಒಮ್ಮೆ ನೋಡಿ, "ಇನ್ನೂ ಬದುಕಿದ್ದೀನಿ, ಬಾ ಕೂತ್ಕೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪೋರೂರಿಗೆ ಬಂದು ಈಗ ಎಷ್ಟೋ ತಿಂಗಳಾಯಿತು. ಇವರು ಒಂದು ಸಲ ಕೆಮ್ಮಿದರೆ ಸಾಕು, ಆ ಆಣೆ ನೆನಪಾಗಿ ನನಗೆ ನನ್ನ ಮೇಲೇ ಅನುಮಾನ.